ಮೊದಲ ತುತ್ತಿಗೇ ಹೇಳಿ

ಕೇಳುಗರಿಗೆ ನಮಸ್ಕಾರ. ನಾನು ಮಂಗಳೂರಿನಲ್ಲಿ ಗ್ರಾಹಕರ ಪರ ಕೇಸು ನಡೆಸುವ ವಕೀಲ. "ಹೋಟೆಲ್ ಊಟ ಸರಿ ಇರಲಿಲ್ಲ, ಬಿಲ್ ಕೊಡಲೇಬೇಕಾ?" ಅಂತ ಜನ ಕೇಳುತ್ತಲೇ ಇರುತ್ತಾರೆ. ನಾನು ತಿರುಗಿ ಕೇಳುವುದು ಒಂದೇ. ನೀವು ಹೇಳಿದ್ದು ಯಾವಾಗ? ತಟ್ಟೆಯಲ್ಲಿ ಊಟ ಇರುವಾಗಲಾ, ಖಾಲಿಯಾದ ಮೇಲಾ?

ಮೊದಲ ತುತ್ತಿಗೇ ಹೇಳಿ. ಇವತ್ತು ಇದೊಂದು ಮಾತು ನೆನಪಿಟ್ಟುಕೊಂಡರೆ ಸಾಕು.

ಮಲ್ಪೆ ಕಡೆಯ ಒಂದು ಮೀನೂಟದ ಹೋಟೆಲಿನಲ್ಲಿ ಕಣ್ಣಾರೆ ಕಂಡದ್ದು ಹೇಳುತ್ತೇನೆ. ಜುಲೈ ತಿಂಗಳು, ಜೋರು ಮಳೆ. ಜೂನ್ 1ರಿಂದ ಜುಲೈ 31ರ ತನಕ ನಮ್ಮಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಹಾಗಾಗಿ ಹೊರಗಿನಿಂದ ಬಂದ ಐಸ್ ಮೀನೇ ಜಾಸ್ತಿ. ಗಲ್ಲಾದ ಹತ್ತಿರ ನಾಲ್ಕು ಜನ ಹುಡುಗರು ಜಗಳಕ್ಕೆ ನಿಂತಿದ್ದರು. "ಬಂಗುಡೆ ಹಾಳಾಗಿತ್ತು, ಒಂದು ಪೈಸೆ ಕೊಡುವುದಿಲ್ಲ." ಓನರ್ ಅವರ ಟೇಬಲ್ ತೋರಿಸಿದರು. ತಟ್ಟೆಯಲ್ಲಿ ಬರೀ ಮುಳ್ಳು. "ತಿಂದು ಮುಗಿಸಿ ಈಗ ಹೇಳ್ತೀರಾ?" ಅಂತ ಅವರೂ ಏರು ದನಿ ಮಾಡಿದರು. ಎಲ್ಲರೂ ಹುಡುಗರನ್ನೇ ಕೆಟ್ಟದಾಗಿ ನೋಡಿದರು.

ಅಷ್ಟರಲ್ಲಿ ಮೂಲೆಯ ಟೇಬಲಿನ ಒಬ್ಬರು ಅಜ್ಜಿ ಸಪ್ಲೈಯರನ್ನು ಕರೆದರು. ಬಂಗುಡೆ ಫ್ರೈಯ ತುದಿ ಮಾತ್ರ ಮುರಿದಿತ್ತು, ಮಸಾಲೆ ಹಾಗೇ ಇತ್ತು. "ಮಗಾ, ಇದು ಬಾಯಿಗೆ ಇಟ್ಟರೆ ನಾಲಿಗೆ ಚುರುಚುರು ಅಂತದೆ. ತಕೊಂಡು ಹೋಗಿ ಒಳಗೆ ತೋರಿಸು." ಓನರ್ ಬಂದು ಮೂಸಿದರು. ಮಾತಾಡದೆ ಒಳಗೆ ಹೋಗಿ, ಮಸಾಲೆ ಹಚ್ಚಿಟ್ಟ ಬಂಗುಡೆಯ ಟ್ರೇ ಪೂರ್ತಿ ತೆಗೆಸಿದರು. ಆಮೇಲೆ ಗಲ್ಲಾಕ್ಕೆ ಬಂದು ಹುಡುಗರ ಬಿಲ್ಲಿನಿಂದಲೂ ಮೀನಿನ ದುಡ್ಡು ಕಳೆದರು.

ನೋಡಿ, ಹುಡುಗರು ಹೇಳಿದ್ದು ನಿಜವೇ. ಆದರೆ ಅದನ್ನು ತೋರಿಸಲಿಕ್ಕೆ ಅವರ ತಟ್ಟೆಯಲ್ಲಿ ಏನೂ ಉಳಿದಿರಲಿಲ್ಲ. ಅಜ್ಜಿ ಬಾಯಿ ಬಿಡದಿದ್ದರೆ ಅವರು ಸುಮ್ನೆ ಸುಳ್ಳರಾಗುತ್ತಿದ್ದರು. ಇನ್ನೂ ಒಂದು ಉಂಟು. ಬಂಗುಡೆ, ಬೂತಾಯಿಯಂಥ ಮೀನನ್ನು ಸರಿಯಾಗಿ ಐಸಿನಲ್ಲಿ ಇಡದಿದ್ದರೆ ಅದರಲ್ಲಿ ಹಿಸ್ಟಮಿನ್ ಅನ್ನುವ, ಮೈಗೆ ಆಗದ ವಸ್ತು ಸೇರಿಕೊಳ್ಳುತ್ತದೆ. ಎಷ್ಟು ಹುರಿದರೂ ಅದು ಹೋಗುವುದಿಲ್ಲ. ಮುಖ ಕೆಂಪಾಗಿ, ಮೈ ತುರಿಸಿ, ವಾಂತಿಯಾಗುವುದೂ ಇದೆ. ನಾಲಿಗೆ ಚುರುಗುಟ್ಟಿದ ಮೇಲೂ ತಿನ್ನುತ್ತಾ ಕೂರುವುದು ಯಾಕೆ ಮಾರಾಯ್ರೆ? ಮೊದಲ ತುತ್ತಿಗೇ ಹೇಳಿ.

ಸಮಯ ಕಡಿಮೆ ಇದೆ, ಕಾನೂನು ಬೇಗ ಹೇಳಿ ಬಿಡುತ್ತೇನೆ. ಸರಿ ಇಲ್ಲದ ಐಟಂ ವಾಪಸ್ ಕಳಿಸಿ, ಅದರ ದುಡ್ಡು ಬಿಲ್ಲಿನಿಂದ ತೆಗೆಯಲು ಹೇಳಿ. ಚೆನ್ನಾಗಿದ್ದು ತಿಂದದ್ದಕ್ಕೆ ದುಡ್ಡು ಕೊಡಿ. ಮೀನು ಹಾಳು ಅಂತ ಅನ್ನ, ಸಾರು, ಕಲ್ಲಂಗಡಿ ಜ್ಯೂಸು ಎಲ್ಲ ಬಿಟ್ಟಿ ಆಗುವುದಿಲ್ಲ. ಹೋಟೆಲಿನವರೂ ಕೇಳಿ. ನಿಮ್ಮನ್ನು ನಂಬಿ ಬಂದ ಗಿರಾಕಿಯನ್ನು ತಡೆದು ನಿಲ್ಲಿಸುವ, ಬೈಕಿನ ಕೀ ಕಿತ್ತುಕೊಳ್ಳುವ ಹಕ್ಕು ನಿಮಗಿಲ್ಲ. ಸರ್ವಿಸ್ ಚಾರ್ಜ್ ಅಂತ ನೀವಾಗಿಯೇ ಸೇರಿಸುವ ಹಾಗೂ ಇಲ್ಲ.

ಓನರ್ ಒಪ್ಪಲಿಲ್ಲವಾ? ಜಗಳ ಬೇಡ. ದುಡ್ಡು ಕೊಟ್ಟು, ಬಿಲ್ ತಗೊಂಡು, ತಟ್ಟೆಯ ಫೋಟೋ ಹೊಡೆದುಕೊಳ್ಳಿ. ಬಿಲ್ಲಿನಲ್ಲಿ 14 ಅಂಕಿಯ ಆಹಾರ ಪರವಾನಗಿ ನಂಬರ್ ಇದೆಯಾ ನೋಡಿ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಎರಡು ವರ್ಷದ ಒಳಗೆ ದೂರು ಕೊಡಬಹುದು. 5 ಲಕ್ಷದ ತನಕದ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಕಾಗಿಲ್ಲ. ವಕೀಲನಾಗಿ ನಾನೇ ಹೇಳುತ್ತಿದ್ದೇನೆ, ನೀವೇ ಹೋಗಿ ಮಾತಾಡಬಹುದು.

ಮತ್ತೆ, ಸಪ್ಲೈಯರ್ ಹುಡುಗನ ಮೇಲೆ ಕೂಗಾಡಬೇಡಿ. ಮೀನು ತಂದವನೂ ಅವನಲ್ಲ, ಹುರಿದವನೂ ಅವನಲ್ಲ. ನೀವು ದುಡ್ಡು ಕೊಡದೆ ಎದ್ದು ಹೋದರೆ ಅದನ್ನು ಅವನ ಸಂಬಳದಿಂದ ಹಿಡಿಯುವ ಓನರ್‌ಗಳಿದ್ದಾರೆ. ನಮಸ್ಕಾರ.