ಸೊಕೋತ್ರಾ: ಮಂಜಿನ ನೀರನ್ನು ಕೂಡಿಡುವ ದ್ವೀಪ

ಕೇಳುಗರಿಗೆ ನಮಸ್ಕಾರ.

ಅರಬ್ಬೀ ಸಮುದ್ರದ ಪಶ್ಚಿಮ ಅಂಚಿನಲ್ಲಿ, ಏಡನ್ ಕೊಲ್ಲಿ ಸಾಗರವನ್ನು ಕೂಡುವ ಎಡೆಯಿಂದ ಸ್ವಲ್ಪ ದೂರದಲ್ಲಿ, ಸೊಕೋತ್ರಾ ಎಂಬ ದ್ವೀಪವಿದೆ. ಆಡಳಿತಕ್ಕೆ ಅದು ಯೆಮನ್ ದೇಶದ್ದು; ಆದರೆ ಯೆಮನ್‌ನ ಕರಾವಳಿಗಿಂತ ಆಫ್ರಿಕಾದ ಸೊಮಾಲಿಯವೇ ಅದಕ್ಕೆ ಹತ್ತಿರ. ಅರೇಬಿಯಾದ ದಡದಿಂದ 350 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವ, ಉದ್ದಕ್ಕೆ ಅಳೆದರೆ ಸುಮಾರು 130 ಕಿಲೋಮೀಟರ್ ಆಗುವ ಈ ನೆಲದ ತುಂಡಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಸುವ ನೈಋತ್ಯ ಮಾರುತ ಎಷ್ಟು ಬಿರುಸಾಗಿರುತ್ತದೆಂದರೆ, 1999ರಲ್ಲಿ ವಿಮಾನ ನಿಲ್ದಾಣ ಆಗುವ ಮೊದಲು ಆ ತಿಂಗಳುಗಳಲ್ಲಿ ದ್ವೀಪಕ್ಕೂ ಹೊರಜಗತ್ತಿಗೂ ಸಂಪರ್ಕವೇ ಕಡಿದುಹೋಗುತ್ತಿತ್ತು.

ಸಾಗರದ ನಡುವೆ ಜ್ವಾಲಾಮುಖಿಯಿಂದ ಎದ್ದ ದ್ವೀಪಗಳಂತೆ ಸೊಕೋತ್ರಾ ಹೊಸದಾಗಿ ಹುಟ್ಟಿದ್ದಲ್ಲ. ಅದು ಅರೇಬಿಯಾದ ಭೂಭಾಗಕ್ಕೆ ಅಂಟಿಕೊಂಡಿದ್ದ ನೆಲ. ಏಡನ್ ಕೊಲ್ಲಿ ಬಾಯ್ದೆರೆಯತೊಡಗಿದಾಗ, ಅಂದರೆ ಸುಮಾರು ಎರಡು ಕೋಟಿ ವರ್ಷಗಳ ಹಿಂದೆ, ಅದು ಬೇರ್ಪಟ್ಟಿತು. ಹೀಗಾಗಿ ಅದು ದಡ ಬಿಡುವಾಗಲೇ ತನ್ನ ಮೇಲಿದ್ದ ಗಿಡಮರಗಳನ್ನೂ ಹುಳುಹುಪ್ಪಟೆಗಳನ್ನೂ ಹೊತ್ತುಕೊಂಡೇ ಹೊರಟಿತು. ಭೂಖಂಡದಲ್ಲಿ ಉಳಿದ ಅವುಗಳ ಬಂಧುಗಳಲ್ಲಿ ಎಷ್ಟೋ ಅಳಿದುಹೋದವು, ಎಷ್ಟೋ ಬೇರೆ ರೂಪ ತಳೆದವು. ಇಲ್ಲಿ ಉಳಿದವು ತಮ್ಮ ದಾರಿಯಲ್ಲಿ ತಾವು ಬೆಳೆದವು. 2008ರಲ್ಲಿ ಯುನೆಸ್ಕೋ ಈ ದ್ವೀಪಸಮೂಹವನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿದಾಗ ಕೊಟ್ಟ ಲೆಕ್ಕದಂತೆ, ಇಲ್ಲಿರುವ 825 ಸಸ್ಯ ಪ್ರಭೇದಗಳಲ್ಲಿ ಶೇಕಡಾ 37ರಷ್ಟು ಭೂಮಿಯ ಬೇರಾವ ಕಡೆಯಲ್ಲೂ ಇಲ್ಲ. ಸರೀಸೃಪಗಳಲ್ಲಿ ಶೇಕಡಾ 90, ನೆಲದ ಬಸವನಹುಳುಗಳಲ್ಲಿ ಶೇಕಡಾ 95 ಇಲ್ಲಿಗಷ್ಟೇ ಸೀಮಿತ.

ಸೊಕೋತ್ರಾದ ಚಿತ್ರಗಳನ್ನು ನೋಡಿದವರು ಅದನ್ನು ಅನ್ಯಗ್ರಹದ ನೆಲವೆಂದು ಬಣ್ಣಿಸುವುದುಂಟು. ಆ ಮಾತು ನನಗೆ ಒಪ್ಪಿಗೆಯಾಗದು. ಅಲ್ಲಿನ ಮರಗಳ ಆಕಾರ ವಿಲಕ್ಷಣವಾಗಿ ಕಾಣುವುದೇನೋ ನಿಜ. ಆದರೆ ಆ ಒಂದೊಂದು ಆಕಾರವೂ ನೀರಿನ ಕೊರತೆಗೆ ಕಂಡುಕೊಂಡ ಒಂದೊಂದು ಉತ್ತರ. ಮಳೆ ಕಡಿಮೆ, ಬಿಸಿಲು ಕಠಿಣ, ಮಣ್ಣು ತೆಳು, ಅದರ ಕೆಳಗೆ ನೀರನ್ನು ಸೋರಗೊಡುವ ಸುಣ್ಣಕಲ್ಲು. ಇಂಥ ಕಡೆ ಬದುಕಬೇಕಾದ ಗಿಡ ನೀರನ್ನು ಎಲ್ಲಿಂದ ತರಬೇಕು, ಎಲ್ಲಿ ಇಟ್ಟುಕೊಳ್ಳಬೇಕು ಎಂದು ಕೇಳಿಕೊಂಡರೆ, ಸೊಕೋತ್ರಾದ ಸಸ್ಯಗಳ ವಿಚಿತ್ರವೆಲ್ಲ ಅರ್ಥವಾಗತೊಡಗುತ್ತದೆ.

ಇದನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸಿಕೊಡುವುದು ಡ್ರ್ಯಾಗನ್ ರಕ್ತದ ಮರ. ವಿಜ್ಞಾನದಲ್ಲಿ ಇದರ ಹೆಸರು ಡ್ರಸೀನಾ ಸಿನ್ನಬಾರಿ. ಕೊಂಬೆಗಳಿಲ್ಲದ ದಪ್ಪ ಕಾಂಡ ನೇರವಾಗಿ ಮೇಲೇರಿ, ಆಮೇಲೆ ಎರಡಾಗಿ, ನಾಲ್ಕಾಗಿ ಕವಲೊಡೆಯುತ್ತಾ ಹೋಗಿ, ತುದಿಯಲ್ಲಿ ಎಲ್ಲ ಕೊಂಬೆಗಳೂ ಒಂದೇ ಮಟ್ಟಕ್ಕೆ ಬಂದು ಬಿಚ್ಚಿದ ಕೊಡೆಯಂತೆ ಹರಡಿಕೊಳ್ಳುತ್ತವೆ. ಆ ಕೊಡೆಯ ಮೇಲ್ಭಾಗವನ್ನು ಹತ್ತಿರದಿಂದ ನೋಡಿದರೆ, ಪ್ರತಿಯೊಂದು ಕೊಂಬೆಯ ತುದಿಯಲ್ಲೂ ಕತ್ತಿಯಲಗಿನಂಥ ಬಿರುಸಾದ, ಕಿರಿದಾದ ಎಲೆಗಳ ಗೊಂಚಲು ಮೇಲ್ಮುಖವಾಗಿ ನಿಂತಿರುತ್ತದೆ. ಕಡಲಿನಿಂದ ಎದ್ದ ತೇವದ ಗಾಳಿ ಪ್ರಸ್ಥಭೂಮಿಗಳನ್ನೇರಿ ಮಂಜಾದಾಗ, ಆ ಮಂಜಿನ ಕಣಗಳು ನುಣುಪಾದ ಎಲೆಗಳ ಮೇಲೆ ಹನಿಗಟ್ಟಿ, ಎಲೆಯ ಬುಡಕ್ಕೆ ಜಾರಿ, ಕೊಂಬೆಯ ಗುಂಟ ಇಳಿದು ಬೇರಿಗೆ ಸೇರುತ್ತವೆ. ಉಳಿದದ್ದು ತೊಟ್ಟಿಕ್ಕಿ ಮರದಡಿಯ ಮಣ್ಣನ್ನು ನೆನೆಸುತ್ತದೆ. ಹೀಗೆ ಇಳಿದ ನೀರು ಬಿಸಿಲಿಗೆ ಆವಿಯಾಗಿ ಹೋಗದಂತೆ ಅದೇ ಎಲೆಚಪ್ಪರದ ದಟ್ಟ ನೆರಳು ತಡೆಯುತ್ತದೆ. ಮಳೆ ಬೀಳದ ದಿನದಲ್ಲೂ ಮರ ತನ್ನ ಕಾಲಬುಡಕ್ಕೆ ತಾನೇ ನೀರುಣಿಸಿಕೊಳ್ಳುತ್ತದೆ.

ಈ ನೀರು ಮರವೊಂದರದೇ ಆಗಿ ಉಳಿಯುವುದಿಲ್ಲ ಎಂಬುದನ್ನು ನಾನು ಒತ್ತಿ ಹೇಳಲು ಬಯಸುತ್ತೇನೆ. ಬಯಲಿನಲ್ಲಿ ಬದುಕಲಾರದ ಎಷ್ಟೋ ಸಣ್ಣ ಗಿಡಗಳು ಈ ಮರಗಳ ನೆರಳಿನ ತೇವದಲ್ಲಿ ಬದುಕುತ್ತವೆ. ಡ್ರ್ಯಾಗನ್ ಮರದ್ದೇ ಎಳೆಯ ಸಸಿಗಳೂ ದೊಡ್ಡ ಮರದ ಆಸರೆಯಲ್ಲಿಯೇ ಚೆನ್ನಾಗಿ ಬೇರೂರುತ್ತವೆ. ಕಿತ್ತಳೆ ಬಣ್ಣಕ್ಕೆ ತಿರುಗುವ ಇದರ ಪುಟ್ಟ ಹಣ್ಣುಗಳನ್ನು ಹಕ್ಕಿಗಳು ತಿಂದು ಬೀಜವನ್ನು ಹರಡುತ್ತವೆ.

ಕಾಂಡಕ್ಕೆ ಗಾಯ ಮಾಡಿದರೆ ಒಸರುವ ಕಡುಗೆಂಪು ರಾಳದಿಂದಲೇ ಮರಕ್ಕೆ ಆ ಹೆಸರು ಬಂದದ್ದು. ಪ್ರಾಚೀನ ಕಾಲದಿಂದಲೂ ಈ ರಾಳ ಔಷಧಿಯಾಗಿ, ಬಣ್ಣವಾಗಿ, ಮೆರುಗೆಣ್ಣೆಯಾಗಿ ದೂರದೂರದ ಮಾರುಕಟ್ಟೆಗಳಿಗೆ ಹೋಗಿದೆ. ದ್ವೀಪದ ಹೆಂಗಸರು ತಾವು ಮಾಡಿದ ಮಣ್ಣಿನ ಪಾತ್ರೆಗಳ ಮೇಲೆ ಚಿತ್ತಾರ ಬರೆಯುವುದೂ ಇದರಿಂದಲೇ. ಇದು ಹುಲ್ಲು ಮತ್ತು ತಾಳೆಗಳಂತೆ ಏಕದಳ ಸಸ್ಯವಾದ್ದರಿಂದ ಕಾಂಡದಲ್ಲಿ ವರ್ಷದ ಉಂಗುರಗಳು ಮೂಡುವುದಿಲ್ಲ. ಆದ್ದರಿಂದ ವಯಸ್ಸನ್ನು ಕವಲುಗಳ ಲೆಕ್ಕದಿಂದ ಅಂದಾಜು ಮಾಡಬೇಕಾಗುತ್ತದೆ. ಹಲವು ಶತಮಾನ ಕಂಡ ಮರಗಳು ಇಲ್ಲಿವೆ ಎಂಬುದರಲ್ಲಿ ಅನುಮಾನವಿಲ್ಲ.

ನೀರನ್ನು ಮಂಜಿನಿಂದ ಹಿಡಿಯುವ ಬದಲು ಒಡಲಲ್ಲೇ ಕೂಡಿಡುವ ಮರಗಳೂ ಉಂಟು. ಸೌತೆ, ಕುಂಬಳಗಳ ಕುಟುಂಬ ನಮಗೆಲ್ಲ ಗೊತ್ತಿರುವುದು ಬಳ್ಳಿಗಳಾಗಿ. ಆ ಇಡೀ ಕುಟುಂಬದಲ್ಲಿ ಮರವಾಗಿ ಬೆಳೆದದ್ದು ಸೊಕೋತ್ರಾದ ಸೌತೆಮರ ಒಂದೇ. ಅದರ ಉಬ್ಬಿದ, ಮೆತ್ತನೆಯ, ಬೂದುಬಣ್ಣದ ಕಾಂಡ ನೀರಿನ ಭಂಡಾರ. ಮರುಭೂಮಿಯ ಗುಲಾಬಿ ಎಂದು ಕರೆಯುವ ಅಡೇನಿಯಂ, ಹಿಡಿ ಮಣ್ಣೂ ಇಲ್ಲದ ಬಂಡೆಯ ಬಿರುಕಿನಲ್ಲಿ ತನ್ನ ಡೊಳ್ಳುಕಾಂಡವನ್ನು ಊರಿಕೊಂಡು, ಎಲೆಗಳಿಲ್ಲದ ಕಾಲದಲ್ಲಿ ನಸುಗೆಂಪು ಹೂಗಳನ್ನು ತುಂಬಿಕೊಳ್ಳುತ್ತದೆ. ಅದರ ಹಾಲು ವಿಷವಾದ್ದರಿಂದ ಆಡುಗಳು ಬಾಯಿ ಹಾಕುವುದಿಲ್ಲ. ಸೌತೆಮರಕ್ಕೆ ಆ ರಕ್ಷಣೆಯಿಲ್ಲ. ಬರಗಾಲದಲ್ಲಿ ಅದನ್ನೇ ಕಡಿದು ಜಜ್ಜಿ ದನಕರುಗಳಿಗೆ ಮೇವಾಗಿ ಕೊಟ್ಟದ್ದುಂಟು.

ಈ ಸಸ್ಯಸಂಪತ್ತನ್ನು ವಿಜ್ಞಾನಕ್ಕೆ ವಿವರವಾಗಿ ಪರಿಚಯಿಸಿದವರು ಗ್ಲಾಸ್ಗೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಐಸಾಕ್ ಬೇಲಿ ಬಾಲ್ಫರ್. 1880ರಲ್ಲಿ ಅವರು ಇಲ್ಲಿಂದ ಒಯ್ದ ಒಂದು ಬಿಗೋನಿಯ ಚಳಿಗಾಲದಲ್ಲಿ ಹೂಬಿಡುವ ಗುಣವುಳ್ಳದ್ದಾಗಿತ್ತು; ಇಂದು ಲೋಕದ ಹೂದೋಟಗಳಲ್ಲಿರುವ ಚಳಿಗಾಲದ ಬಿಗೋನಿಯ ತಳಿಗಳ ಒಂದು ಮೂಲ ಅದೇ. ದಾಳಿಂಬೆಗೆ ಇರುವ ಏಕೈಕ ಹತ್ತಿರದ ಬಂಧು, ಸಣ್ಣ ಕಾಯಿಯ, ಹೆಚ್ಚು ಸಿಹಿಯಿಲ್ಲದ ಕಾಡು ದಾಳಿಂಬೆ, ಇಲ್ಲಿಯದು. ಲೋಬಾನದ ಮರಗಳಂತೂ ಹಲವು ಬಗೆ. ಅವುಗಳಲ್ಲಿ ಕೆಲವು ಕಡಿದಾದ ಬಂಡೆಗೋಡೆಗಳಿಗೇ ಅಂಟಿಕೊಂಡು ಬೆಳೆಯುತ್ತವೆ.

ಪ್ರಾಣಿಗಳ ವಿಷಯಕ್ಕೆ ಬಂದರೆ, ಇಲ್ಲದವುಗಳ ಪಟ್ಟಿಯೂ ಇರುವವುಗಳಷ್ಟೇ ಮುಖ್ಯವಾದದ್ದು. ಇಲ್ಲಿ ಕಪ್ಪೆಗಳಿಲ್ಲ. ಬಾವಲಿಗಳನ್ನು ಬಿಟ್ಟರೆ ನೆಲದ ಮೂಲ ಸಸ್ತನಿಗಳು ಇಲ್ಲವೆಂಬಷ್ಟು ವಿರಳ. ಆಡು, ಕುರಿ, ಒಂಟೆ, ಕತ್ತೆ, ಪುನುಗು ಬೆಕ್ಕು ಎಲ್ಲವೂ ಮನುಷ್ಯನ ಹಿಂದೆ ಬಂದವು. ತೆರವಾಗಿದ್ದ ಆ ಜಾಗವನ್ನು ಹಲ್ಲಿಗಳು ತುಂಬಿಕೊಂಡವು: ಬಂಡೆಯ ಹಲ್ಲಿ, ಮರದ ಹಲ್ಲಿ, ಹಗಲಿನದು, ಇರುಳಿನದು ಎಂದು ಅವು ತಮ್ಮೊಳಗೆ ನೆಲೆಗಳನ್ನು ಹಂಚಿಕೊಂಡಿವೆ. ದ್ವೀಪಕ್ಕೇ ಸೀಮಿತವಾದ ಗೋಸುಂಬೆಯೊಂದಿದೆ. ಬಾಲ್ಫರ್ ಅವರ ಹೆಸರನ್ನೇ ಹೊತ್ತ, ನೀಲಿ ಕಾಲುಗಳ ದೊಡ್ಡ ಜೇಡವಿದೆ. ಹಕ್ಕಿಗಳಲ್ಲಿ ಇಲ್ಲಿಯವೇ ಆದ ಸೂರಕ್ಕಿ, ಗುಬ್ಬಿ, ಕಬ್ಬಕ್ಕಿ, ಪುಟ್ಟ ಗೂಬೆಗಳಿವೆ. ಜಗತ್ತಿನ ಅನೇಕ ಕಡೆ ಅಳಿವಿನಂಚಿಗೆ ಸರಿದಿರುವ ಬಿಳಿ ರಣಹದ್ದು ಇಲ್ಲಿ ಮನೆಗಳ ಅಂಗಳದವರೆಗೆ ನಡೆದು ಬಂದು ಎಸೆದ ಕಸವನ್ನೂ ಸತ್ತ ಜಾನುವಾರುಗಳನ್ನೂ ತಿಂದು ಹಳ್ಳಿಗಳನ್ನು ಶುಚಿಯಾಗಿಡುತ್ತದೆ, ಜನರೂ ಅದನ್ನು ಓಡಿಸುವುದಿಲ್ಲ.

ಡ್ರ್ಯಾಗನ್ ಮರಗಳ ಸ್ಥಿತಿ ಮಾತ್ರ ಕಳವಳ ಹುಟ್ಟಿಸುವಂಥದ್ದು. ಡಿಕ್ಸಂ ಪ್ರಸ್ಥಭೂಮಿಯ ಬಳಿ ಫಿರ್ಮಿಹಿನ್ ಎಂಬಲ್ಲಿರುವ ಅವುಗಳ ಕಾಡು ದೂರಕ್ಕೆ ಸಮೃದ್ಧವಾಗಿಯೇ ಕಾಣುತ್ತದೆ. ಒಳಹೊಕ್ಕು ನೋಡಿದರೆ ಅಲ್ಲಿರುವುದು ಬಹುಪಾಲು ಮುದಿ ಮರಗಳು. ಆಡುಗಳು ಸಸಿಗಳನ್ನು ಚಿಗುರಿನಲ್ಲೇ ಮೇಯ್ದುಬಿಡುವುದರಿಂದ ಮುಂದಿನ ತಲೆಮಾರು ಮೇಲೇಳುತ್ತಿಲ್ಲ. ಇದಕ್ಕೆ ಅಲ್ಲಿನ ಕುರುಬರನ್ನು ದೂಷಿಸುವುದು ಅನ್ಯಾಯ. ಯಾವ ಹುಲ್ಲುಗಾವಲನ್ನು ಯಾವಾಗ ಬಿಡಬೇಕು, ಯಾವ ಮರವನ್ನು ಮುಟ್ಟಕೂಡದು ಎಂಬ ಕಟ್ಟುಪಾಡುಗಳನ್ನು ಅವರು ತಲೆಮಾರುಗಳಿಂದ ಪಾಲಿಸಿದ್ದರಿಂದಲೇ ಇಷ್ಟಾದರೂ ಉಳಿದಿದೆ. ಆ ಕಟ್ಟುಪಾಡುಗಳು ಸಡಿಲವಾದದ್ದು ಈಚೆಗೆ. 2015ರ ನವೆಂಬರಿನಲ್ಲಿ ಒಂದರ ಬೆನ್ನಿಗೆ ಒಂದರಂತೆ ಬಂದ ಚಪಾಲಾ ಮತ್ತು ಮೇಘ್ ಚಂಡಮಾರುತಗಳು, 2018ರಲ್ಲಿ ಮೆಕುನು, ಸಾವಿರಾರು ಹಳೆಯ ಮರಗಳನ್ನು ಬುಡಮೇಲು ಮಾಡಿದವು. ಒಂದು ಮರ ಉರುಳಿದಾಗ ಅದು ಹಿಡಿಯುತ್ತಿದ್ದ ಮಂಜಿನ ನೀರೂ ಆ ನೆಲಕ್ಕೆ ತಪ್ಪುತ್ತದೆ. ನೆಲ ಒಣಗಿದಷ್ಟೂ ಹೊಸ ಸಸಿ ಬದುಕುವುದು ಕಷ್ಟವಾಗುತ್ತದೆ.

ದ್ವೀಪದ ಕೆಲವು ಕುಟುಂಬಗಳು ಬೀಜ ಆಯ್ದು, ಕಲ್ಲುಗೋಡೆ ಮತ್ತು ತಂತಿಬೇಲಿಗಳ ಒಳಗೆ ಸಸಿಮಡಿಗಳನ್ನು ಮಾಡಿ ಡ್ರ್ಯಾಗನ್ ಮರದ ಸಸಿಗಳನ್ನು ಬೆಳೆಸುತ್ತಿವೆ. ವರ್ಷಗಳು ಕಳೆದರೂ ಈ ಸಸಿ ನೋಡಲು ಒಂದು ಹುಲ್ಲಿನ ಪೊದೆಗಿಂತ ದೊಡ್ಡದಾಗಿರುವುದಿಲ್ಲ, ಆಡಿನ ಬಾಯಿಗೆ ಎಟುಕದ ಎತ್ತರ ಮುಟ್ಟಲು ದಶಕಗಳೇ ಬೇಕು. ಅಲ್ಲಿಯವರೆಗೂ ಬೇಲಿ ಮುರಿಯದಂತೆ ನೋಡಿಕೊಳ್ಳುವುದು, ಬೇಸಿಗೆಯಲ್ಲಿ ದೂರದಿಂದ ನೀರು ಹೊತ್ತು ತಂದು ಹಾಕುವುದು ಆ ಮನೆಗಳವರ ಕೆಲಸ. ಯುದ್ಧದಿಂದ ಬಳಲಿದ ದೇಶದಲ್ಲಿ, ತಾವು ನೆಟ್ಟದ್ದರ ನೆರಳನ್ನು ಕಾಣಲಾರೆವೆಂದು ತಿಳಿದೂ ಅವರು ಅದನ್ನು ಮಾಡುತ್ತಿದ್ದಾರೆ.