ಲಿವರಿನ ಕಾವಲುಗಾರರು ಯಾಕೆ ಸುಮ್ಮನಿರುತ್ತಾರೆ?

ಕೇಳುಗರಿಗೆ ನಮಸ್ಕಾರ. ಹೊಲದ ಕೆಲಸ ಮುಗಿಸಿ ರೇಡಿಯೋ ಹಚ್ಚಿದವರಿಗೆ ಇವತ್ತು ಹೇಳುವುದು ಒಂದೇ ಮಾತು. ಅದನ್ನೇ ಎರಡು ಮೂರು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹೆಪಟೈಟಿಸ್ ಬಿ ವೈರಸ್ಸು ತಾನಾಗಿ ಲಿವರನ್ನು ಕೊಲ್ಲುವುದಿಲ್ಲ. ಲಿವರ್ ಹಾಳಾಗುವುದು ನಮ್ಮದೇ ರಕ್ಷಣಾ ಕೋಶಗಳ ಹೊಡೆತದಿಂದ.

ದಾವಣಗೆರೆಯ ಮೆಕ್ಕೆಜೋಳದ ಮಾರುಕಟ್ಟೆ ನೋಡಿದ್ದೀರಲ್ಲ? ಸುಗ್ಗಿಯಲ್ಲಿ ಕಾಳಿನ ಜೊತೆ ಹೊಟ್ಟು, ಮಣ್ಣು, ಹುಳ ಎಲ್ಲ ಬರುತ್ತವೆ. ಗೇಟಿನವನು ಒಂದೊಂದು ಹುಳಕ್ಕೂ ಸೀಟಿ ಊದಿದರೆ ವ್ಯಾಪಾರ ನಡೆದ ಹಾಗೇ! ಲಿವರೂ ಅಂಥದೇ ಜಾಗ. ನಿಮಿಷಕ್ಕೆ ಸುಮಾರು 1.5 ಲೀಟರ್ ರಕ್ತ ಅಲ್ಲಿಗೆ ಬರುತ್ತದೆ, ಅದರಲ್ಲಿ ಮುಕ್ಕಾಲು ಪಾಲು ಕರುಳಿನ ಕಡೆಯಿಂದ. ಉಂಡದ್ದರ ಸಾರ, ಸತ್ತ ಬ್ಯಾಕ್ಟೀರಿಯಾದ ಚೂರು ಎಲ್ಲವೂ ಅದರಲ್ಲಿರುತ್ತವೆ. ಅಲ್ಲಿನ ಸಣ್ಣ ರಕ್ತನಾಳಗಳ ಒಳಗೋಡೆಗೆ ಅಂಟಿ ಕೂತ ಕುಫ್ಫರ್ ಎಂಬ ಕಾವಲು ಕೋಶಗಳು ಅವನ್ನೆಲ್ಲ ಸದ್ದಿಲ್ಲದೆ ನುಂಗುತ್ತವೆ, ಉಳಿದ ಕೋಶಗಳನ್ನೂ ತಣ್ಣಗಿಡುತ್ತವೆ.

ಈ ತಣ್ಣಗಿನ ಸ್ವಭಾವ ಎಷ್ಟರಮಟ್ಟಿಗಿನದು ಗೊತ್ತೇ? 1969ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ರಾಯ್ ಕಾನ್ ಮತ್ತವರ ತಂಡದ ಒಂದು ವರದಿ ಬಂತು. ಒಂದು ಹಂದಿಯ ಲಿವರನ್ನು, ಸಂಬಂಧವೇ ಇಲ್ಲದ ಇನ್ನೊಂದು ಹಂದಿಗೆ ಕಸಿ ಮಾಡಿದ್ದರು. ಪರರ ಅಂಗ ಎಂದರೆ ದೇಹ ಸುಮ್ಮನೆ ಬಿಡುವುದಿಲ್ಲ, ಮೂತ್ರಪಿಂಡವನ್ನೋ ಚರ್ಮವನ್ನೋ ಕೆಲವೇ ದಿನಗಳಲ್ಲಿ ಕೊಳೆಸಿ ಹಾಕುತ್ತದೆ. ಲಿವರ್ ಮಾತ್ರ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಯಿಲ್ಲದೆಯೇ ಎಷ್ಟೋ ಹಂದಿಗಳಲ್ಲಿ ನಿಂತುಬಿಟ್ಟಿತು. ಇನ್ನೂ ಸೋಜಿಗವೆಂದರೆ, ಅದೇ ದಾನಿ ಹಂದಿಯ ಮೂತ್ರಪಿಂಡವನ್ನು ಜೊತೆಗಿಟ್ಟರೆ ಅದೂ ಉಳಿಯುತ್ತಿತ್ತು. ಲಿವರು ತನಗಷ್ಟೇ ಅಲ್ಲ, ಜೊತೆಗೆ ಬಂದವರಿಗೂ ಜಾಮೀನು ಕೊಟ್ಟಿತ್ತು!

ವೈರಸ್ಸಿಗೆ ಬೇಕಾದದ್ದೂ ಇದೇ ಜಾಮೀನು. ದೊಡ್ಡವರಿಗೆ ತಗುಲಿದರೆ 20ರಲ್ಲಿ 19 ಮಂದಿ ವೈರಸ್ಸನ್ನು ಓಡಿಸುತ್ತಾರೆ. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಕೂಸಿಗೆ ತಗುಲಿದರೆ 10ರಲ್ಲಿ 9 ಮಕ್ಕಳಲ್ಲಿ ಅದು ಬೇರೂರುತ್ತದೆ. ಆಮೇಲೆ, ವೈರಸ್ಸು ಹೊಕ್ಕ ಕೋಶಗಳನ್ನು ಕೊಲ್ಲುವ ಕೆಲಸದ ಟಿ ಕೋಶಗಳೆಂಬ ರಕ್ಷಣಾ ಕೋಶಗಳು ವರ್ಷಗಟ್ಟಲೆ ಅದೇ ಶತ್ರುವನ್ನು ನೋಡಿ ನೋಡಿ ದಣಿಯುತ್ತವೆ, ಅವುಗಳ ಮೈಮೇಲೆ ಪಿಡಿ-1 ಎಂಬ ಬ್ರೇಕು ಹೆಚ್ಚುತ್ತದೆ. ಆಗಾಗ ಮಾತ್ರ ಎದ್ದು ಬಡಿಯುತ್ತವೆ. ಒನಕೆ ಓಬವ್ವನ ಹೋಲಿಕೆ ಇಲ್ಲಿ ಕೂಡುವುದಿಲ್ಲ, ದುರ್ಗದವರು ಕ್ಷಮಿಸಬೇಕು. ಅವಳು ಕಿಂಡಿಯಲ್ಲಿ ನುಸುಳಿದವರನ್ನು ಬಡಿದಳು. ಇಲ್ಲಿ ಕಳ್ಳ ಮನೆಯೊಳಗೇ ಇದ್ದಾನೆ, ಒನಕೆ ಬೀಸಿದಷ್ಟೂ ನಮ್ಮದೇ ಗೋಡೆ ಬೀಳುತ್ತದೆ. ಬಿದ್ದ ಗೋಡೆಗೆ ಇನ್ನೊಂದು ಬಗೆಯ ಕೋಶಗಳು ನಾರು ಮೆತ್ತುತ್ತವೆ. ಇಪ್ಪತ್ತು ಮೂವತ್ತು ವರ್ಷ ಮೆತ್ತಿದರೆ ಅದೇ ಸಿರೋಸಿಸ್.

ಎಸ್‌ಜಿಪಿಟಿ ಎಂದು ರಕ್ತದ ರಿಪೋರ್ಟಿನಲ್ಲಿ ಬರೆದಿರುತ್ತದಲ್ಲ, ಅದು ಏಟು ತಿಂದ ಲಿವರ್ ಕೋಶಗಳಿಂದ ರಕ್ತಕ್ಕೆ ಸೋರುವ ವಸ್ತು. ಅದು ನಾರ್ಮಲ್ ಬಂದರೆ ಸದ್ಯಕ್ಕೆ ಹೊಡೆದಾಟ ತಗ್ಗಿರಬಹುದು ಎಂದರ್ಥ, ಕಳ್ಳ ಹೋದ ಎಂದಲ್ಲ. ಅದಕ್ಕೆ ಎಚ್‌ಬಿಎಸ್‌ಎಜಿ ಎಂಬ, ವೈರಸ್ಸಿನ ಹೊರಮೈಯ ಚೂರನ್ನು ರಕ್ತದಲ್ಲಿ ಹುಡುಕುವ ಪರೀಕ್ಷೆಯೇ ಬೇಕು. ನಾಟಿ ಔಷಧಿ ಕುಡಿದು ಕಾಮಾಲೆ ಇಳಿಯಿತು ಎನ್ನುತ್ತೀರಿ. ಹೆಪಟೈಟಿಸ್ ಎ ಎಂಬ ಬೇರೆ ವೈರಸ್ಸಿನ ಕಾಮಾಲೆ ಏನೂ ಕುಡಿಯದಿದ್ದರೂ ಇಳಿಯುತ್ತದೆ ಸ್ವಾಮಿ, ಹೆಸರು ಮಾತ್ರ ನಾಟಿ ಬೇರಿಗೆ.

ಇನ್ನು ಹೆಪಟೈಟಿಸ್ ಬಿ ಮಾತ್ರೆ. ಟೆನೊಫೊವಿರ್ ವೈರಸ್ಸು ಮರಿ ಹಾಕುವುದನ್ನು ತಡೆಯುತ್ತದೆ, ಆದರೆ ಕೋಶದ ಒಳಗೆ ಅವಿತ ವೈರಸ್ಸಿನ ಬೀಜವನ್ನು ಕೀಳುವುದಿಲ್ಲ. ಚೆನ್ನಾಗಿದ್ದೇನೆ ಎಂದು ನೀವಾಗಿ ನಿಲ್ಲಿಸಿದರೆ ವಾರಗಳಲ್ಲೋ ತಿಂಗಳುಗಳಲ್ಲೋ ವೈರಸ್ಸು ಉಕ್ಕುತ್ತದೆ, ಆಗ ಮಲಗಿದ್ದ ಟಿ ಕೋಶಗಳು ಎದ್ದು ಲಿವರಿನ ಮೇಲೇ ಮುಗಿಬೀಳುತ್ತವೆ. ಹೆಪಟೈಟಿಸ್ ಸಿ ಬೇರೆ ಕಥೆ, ಸಾಮಾನ್ಯವಾಗಿ 12 ವಾರದ ಮಾತ್ರೆಗೆ ವಾಸಿಯಾಗುತ್ತದೆ.

ಸಮಯ ಮುಗಿಯಿತು ಎಂದು ಸನ್ನೆ ಮಾಡುತ್ತಿದ್ದಾರೆ. ಲಸಿಕೆಯ ಮಾತು ಬೇಗ ಹೇಳುತ್ತೇನೆ: ಹುಟ್ಟಿದ 24 ಗಂಟೆಯೊಳಗೆ ಮೊದಲ ಚುಚ್ಚುಮದ್ದು, ಆಮೇಲೆ 6, 10, 14ನೇ ವಾರ. ಬಸುರಿಯ ಎಚ್‌ಬಿಎಸ್‌ಎಜಿ ರಿಪೋರ್ಟು ಹೆರಿಗೆಗೆ ಮೊದಲೇ ಕೈಯಲ್ಲಿರಲಿ. ಕೂಸು ಹುಟ್ಟಿದ ಮೇಲೆ ಹುಡುಕುತ್ತ ಕೂತರೆ 24 ಗಂಟೆ ಹೋದದ್ದೇ ತಿಳಿಯುವುದಿಲ್ಲ. ನಮಸ್ಕಾರ.