ನಂಗು ಮೀನಿನ ಮಳೆಗಾಲ

ಕೇಳುಗರೆಲ್ಲರಿಗೂ ನಮಸ್ಕಾರ.

ಆಗಸ್ಟ್ ನಡುವಿನಲ್ಲಿ ತುಳುವರ ಸೋಣ ತಿಂಗಳು ಬಂತೆಂದರೆ ಕಾಸರಗೋಡಿನ ಕುಂಬಳೆ, ಉಪ್ಪಳದ ಕಡೆ ಮೀನಿನ ಬುಟ್ಟಿಯಲ್ಲಿ ನಂಗು ಕಾಣಿಸುತ್ತದೆ. ತುಳುವಿನಲ್ಲಿ ನಂಗ್, ಮಲಯಾಳದಲ್ಲಿ ಮಾಂದಳ್, ಕೊಂಕಣಿಯಲ್ಲಿ ಲೇಪ. ಗೇಣಿಗಿಂತ ಸಣ್ಣದು, ಎಲೆಯಂತೆ ಚಪ್ಪಟೆ. ತಲೆಯ ಹತ್ತಿರ ಚರ್ಮಕ್ಕೆ ಉಗುರು ಹಾಕಿ ಅಮ್ಮ ಒಂದೇ ಎಳೆತಕ್ಕೆ ಸುಲಿಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಅದರ ಕಣ್ಣನ್ನೇ ನೋಡುತ್ತಿದ್ದೆ. ಎರಡು ಕಣ್ಣೂ ಒಂದೇ ಬದಿಯಲ್ಲಿ! ಅದು ಯಾಕೆ ಹಾಗೆ ಎಂದು ತಿಳಿಯಲು ನನಗೆ ಎಷ್ಟೋ ವರ್ಷ ಬೇಕಾಯಿತು.

ಇದರ ವೈಜ್ಞಾನಿಕ ಹೆಸರು ಸೈನೋಗ್ಲೋಸಸ್ ಮ್ಯಾಕ್ರೋಸ್ಟೋಮಸ್. ಸೈನೋಗ್ಲೋಸಸ್ ಎಂದರೆ ಗ್ರೀಕಿನಲ್ಲಿ ನಾಯಿಯ ನಾಲಗೆ. ನೋಡಿದವರು ಸರಿಯಾದ ಹೆಸರನ್ನೇ ಇಟ್ಟಿದ್ದಾರೆ, ಅಲ್ವಾ?

ನಂಗು ಹುಟ್ಟುವಾಗ ಚಪ್ಪಟೆಯಲ್ಲ. ಮೊಟ್ಟೆ ನೀರಿನಲ್ಲಿ ತೇಲುತ್ತಾ ಇರುತ್ತದೆ. ಅದರಿಂದ ಬಂದ ಮರಿ ಎಲ್ಲ ಮೀನಿನಂತೆ ನೆಟ್ಟಗೆ ಈಜುತ್ತದೆ. ಆ ಬದಿಗೊಂದು ಕಣ್ಣು, ಈ ಬದಿಗೊಂದು ಕಣ್ಣು. ಸ್ವಲ್ಪ ಕಾಲದಲ್ಲಿ ತಲೆಯ ಎಲುಬು ತಿರುಚಿಕೊಳ್ಳುತ್ತದೆ. ಬಲಗಣ್ಣು ಮೆಲ್ಲನೆ ಜರುಗಿ ಎಡಗಣ್ಣಿನ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ಮರಿ ಬಲಬದಿಯನ್ನು ಅಡಿಗೆ ಹಾಕಿ ಕೆಸರಿಗೆ ಇಳಿಯುತ್ತದೆ. ಮೇಲಿನ ಬದಿ ಕೆಸರಿನದೇ ಕಂದು ಬಣ್ಣ, ಕೆಳಗಿನದು ಬಿಳಿ. ದೊಡ್ಡದಾದ ಮೇಲೆ ಹೊಟ್ಟೆಯೊಳಗೆ ಗಾಳಿಚೀಲವಿಲ್ಲ, ಎದೆಯ ಪಕ್ಕದ ಈಜುರೆಕ್ಕೆಯೂ ಇಲ್ಲ. ನೆಲಕ್ಕೆ ಅಂಟಿ ಬದುಕುವವನಿಗೆ ಅವು ಯಾಕೆ? ಮೈಯ ಸುತ್ತಲಿನ ರೆಕ್ಕೆಯನ್ನು ಅಲೆಯಂತೆ ಆಡಿಸಿ ಕೆಸರೊಳಗೆ ಹುದುಗಿಕೊಳ್ಳುತ್ತದೆ. ಅಲ್ಲಿ ಸಿಗುವ ಹುಳ, ಸಣ್ಣ ಸಿಗಡಿಯಂಥ ಜೀವಿಗಳೇ ಅದರ ಊಟ.

ನನಗೆ ಇದಕ್ಕಿಂತಲೂ ದೊಡ್ಡ ಆಶ್ಚರ್ಯ ಅದರ ಮಳೆಗಾಲ. ಜೂನಿನಲ್ಲಿ ಗಾಳಿ ಮಳೆ ಜೋರಾದಾಗ ನಮ್ಮ ದಡದ ನೀರು ಮೇಲೆ ಕೆಳಗೆ ಆಗುತ್ತದೆ. ಹೊಳೆಗಳು ಸಿಹಿನೀರನ್ನು ತಂದು ಸುರಿಯುತ್ತವೆ. ಗಾಳಿ ಮೇಲಿನ ನೀರನ್ನು ದಡದಿಂದ ಆಚೆಗೆ ತಳ್ಳುತ್ತದೆ. ಆಗ ಆಳದ ತಣ್ಣನೆಯ ನೀರು ದಡದ ಕಡೆಗೆ ಏರುತ್ತದೆ. ಅದರಲ್ಲಿ ಆಮ್ಲಜನಕ ಕಡಿಮೆ. ತಳದ ಕೆಸರಿನಲ್ಲಿದ್ದ ಹುಳಗಳು ತುಂಬಾ ಕಡಿಮೆಯಾಗುತ್ತವೆ. ನಂಗು ದಡ ಬಿಟ್ಟು ಹೋಗುತ್ತದೆ, ಊಟವೂ ಕಡಿಮೆಯಾಗುತ್ತದೆ. ನಮ್ಮ ಹಿರಿಯರಿಗೆ ಸೋಣದ ಹಿಂದಿನ ಆಟಿ ತಿಂಗಳು ಹೇಗೆ ಕಷ್ಟದ ತಿಂಗಳೋ, ನಂಗಿಗೂ ಹಾಗೆಯೇ.

ಆ ಕಷ್ಟ ಅದರ ಹುರುಪೆಯ ಮೇಲೆ ಬರೆದಿರುತ್ತದೆ. ಕಲ್ಲಿಕೋಟೆಯ ಕಡಲಲ್ಲಿ ಈ ಮೀನನ್ನು ವರ್ಷಗಟ್ಟಲೆ ನೋಡಿದ ಶೇಷಪ್ಪ ಮತ್ತು ಭೀಮಾಚಾರ್ ಎಂಬ ವಿಜ್ಞಾನಿಗಳು ಇದನ್ನು ಕಂಡುಕೊಂಡರು. ಅವರ ವಿವರವಾದ ಅಧ್ಯಯನ 1955ರಲ್ಲಿ ಪ್ರಕಟವಾಯಿತು. ಚಳಿ ದೇಶದ ಮೀನಿನ ಹುರುಪೆಯಲ್ಲಿ ಚಳಿಗಾಲಕ್ಕೊಂದು ಗೆರೆ ಬೀಳುತ್ತದೆ, ಮರದ ಸುತ್ತುಗಳಂತೆ. ನಮ್ಮ ಬಿಸಿ ಕಡಲಲ್ಲಿ ಅಂಥ ಚಳಿಗಾಲವೇ ಇಲ್ಲ. ಆದರೆ ನಂಗಿನ ಹುರುಪೆಯಲ್ಲಿ ಗೆರೆ ಇತ್ತು. ಅದು ಮಳೆಗಾಲದ ಉಪವಾಸದ ಗೆರೆ. ಆ ಗೆರೆ ಎಣಿಸಿದರೆ ಮೀನು ಎಷ್ಟು ಮಳೆಗಾಲ ಕಂಡಿದೆ ಎಂದು ತಿಳಿಯುತ್ತದೆ. ಹೆಚ್ಚಿನವು ಒಂದೋ ಎರಡೋ ಕಂಡಿರುತ್ತವೆ, ಅಷ್ಟೇ. ಆಯುಸ್ಸು ಅಷ್ಟು ಚಿಕ್ಕದು.

ಮಳೆ ಇಳಿದ ಮೇಲೆ ಹಿಂಡು ಹಿಂಡಾಗಿ ದಡಕ್ಕೆ ಮರಳುತ್ತವೆ. ಆಗ ಬಲೆ ತುಂಬಾ ನಂಗು. ಮೊಟ್ಟೆ ಇಡುವ ಕಾಲವೂ ಅಲ್ಲಿಂದಲೇ ಶುರು. ಕೇರಳದಲ್ಲಿ ಯಂತ್ರದ ದೋಣಿಯಿಂದ ಬಲೆ ಎಳೆದು ಮೀನು ಹಿಡಿಯುವ ಟ್ರಾಲಿಂಗ್‌ಗೆ ಇರುವ 52 ದಿನಗಳ ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ. 9 ಸೆಂಟಿಮೀಟರಿಗಿಂತ ಚಿಕ್ಕ ನಂಗನ್ನು ಹಿಡಿಯಬಾರದು ಎಂಬ ನಿಯಮವೂ ಇಲ್ಲಿದೆ. 9 ಸೆಂಟಿಮೀಟರ್ ಎಂದರೆ ನಾಲ್ಕು ಬೆರಳು ಜೋಡಿಸಿದ ಅಗಲಕ್ಕಿಂತ ಸ್ವಲ್ಪ ಜಾಸ್ತಿ. ಅದಕ್ಕಿಂತ ಚಿಕ್ಕ ಮರಿಗಳು ಬುಟ್ಟಿಯಲ್ಲಿ ಕಂಡಾಗ ನನಗೆ ಹೊಟ್ಟೆ ಚುರುಕ್ ಎನ್ನುತ್ತದೆ. ಅವುಗಳಲ್ಲಿ ಎಷ್ಟೋ ಮರಿಗಳ ಹುರುಪೆಯಲ್ಲಿ ಇನ್ನೂ ಒಂದು ಗೆರೆಯೂ ಬಿದ್ದಿರುವುದಿಲ್ಲ.

ನಮಸ್ಕಾರ.